ಸಪೋರ್ಟ್ ಗೆರೆಯಿಂದ ನಷ್ಟದ ಲೆಕ್ಕಕ್ಕೆ

(ವಿಜಯಪುರದಲ್ಲಿ ಸಣ್ಣ ಹೂಡಿಕೆದಾರರು ಮತ್ತು ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಾರ್ಟ್‌ಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಮಾನ್ಯರೇ,

ಷೇರು ಪೇಟೆಯ ಚಾರ್ಟ್ ಕುರಿತು ಮಾತನಾಡಬೇಕೆಂದು ಕರೆದಾಗಲೆಲ್ಲ ಸಭೆಯಿಂದ ಬರುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಇಂಥ ಷೇರು ಸಪೋರ್ಟ್ (ಹಿಂದೆ ಇಳಿಕೆ ನಿಂತು ಬೆಲೆ ತಿರುಗಿದ ಮಟ್ಟ) ಹತ್ತಿರ ಬಂದು ನಿಂತಿದೆ, ಇಲ್ಲಿಂದ ಏರುತ್ತದೆಯೆ? ಇದಕ್ಕೆ ಖಚಿತವಾದ ಉತ್ತರವನ್ನು ಚಾರ್ಟ್ ಕೊಡುವುದಿಲ್ಲ. ಆದರೆ ಅದೇ ಚಾರ್ಟ್ ಬೇರೊಂದು ಪ್ರಶ್ನೆಗೆ, ಅಂದರೆ ನನ್ನ ಊಹೆ ತಪ್ಪೆಂದು ನಾನು ಯಾವ ಬೆಲೆಯಲ್ಲಿ ಒಪ್ಪಿಕೊಳ್ಳಬೇಕು ಮತ್ತು ಆ ಬೆಲೆಯನ್ನು ಲೆಕ್ಕಕ್ಕೆ ಹಿಡಿದರೆ ಎಷ್ಟು ಷೇರು ಕೊಳ್ಳಬಹುದು ಎಂಬುದಕ್ಕೆ, ಸಾಕಷ್ಟು ಸ್ಪಷ್ಟವಾದ ಉತ್ತರ ಕೊಡುತ್ತದೆ. ಇಂದಿನ ಮಾತೆಲ್ಲ ಈ ಎರಡನೆಯ ಪ್ರಶ್ನೆಯ ಸುತ್ತಲೇ ಇರುತ್ತದೆ.

ಆರಂಭದಲ್ಲೇ ಒಂದು ಸೂಚನೆ. 2025ರ ಜನವರಿಯಲ್ಲಿ ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಷೇರು ಪೇಟೆಯ ಶಿಕ್ಷಣವನ್ನಷ್ಟೇ ನೀಡುವವರು ಹಿಂದಿನ ಮೂರು ತಿಂಗಳೊಳಗಿನ ಬೆಲೆಗಳನ್ನು ಹಿಡಿದು ಯಾವುದೇ ಷೇರಿನ ಬಗ್ಗೆ ಮಾತನಾಡುವಂತಿಲ್ಲ. ಆದ್ದರಿಂದ ನಾನು ಬಳಸುವ ಉದಾಹರಣೆಗಳೆಲ್ಲ ಹಳೆಯವು. ಇದರಿಂದ ಯಾರಿಗಾದರೂ ನಿರಾಸೆಯಾದರೆ, ಅವರು ಕಲಿಯಲು ಬಂದಿದ್ದರೋ ಟಿಪ್ ಪಡೆಯಲು ಬಂದಿದ್ದರೋ ಎಂಬುದನ್ನು ತಾವೇ ಕೇಳಿಕೊಳ್ಳಬಹುದು.

ಸಪೋರ್ಟ್ ಎಂಬುದು ಯಾಕಾದರೂ ಇರಬೇಕು? ಕಳೆದ ವಾರದ ಬೆಲೆಯನ್ನು ಈ ವಾರದ ಬೆಲೆ ಏಕೆ ಗೌರವಿಸಬೇಕು? ಈ ಸಭೆಯಲ್ಲಿ ಒಣದ್ರಾಕ್ಷಿಯ ವ್ಯವಹಾರ ಬಲ್ಲವರು ಅನೇಕರಿದ್ದೀರಿ. ನಿಮಗೆ ಇದನ್ನು ವಿವರಿಸುವುದು ಸುಲಭ. ತಿಕೋಟಾ ಕಡೆಯ ಬೆಳೆಗಾರನೊಬ್ಬ ಕಿಲೋಗೆ 180 ರೂಪಾಯಿ ದರವಿದ್ದಾಗ ಮಾರದೆ, ಇನ್ನಷ್ಟು ಏರೀತೆಂದು ಮಾಲನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿದನೆಂದು ಊಹಿಸಿಕೊಳ್ಳಿ. ದರ 140ಕ್ಕೆ ಬಂತು. ಈಗ ಅವನ ಮನಸ್ಸಿನಲ್ಲಿ 180 ಎಂಬ ಅಂಕಿ ಅಚ್ಚಾಗಿ ನಿಂತಿದೆ. ಮತ್ತೆ ಆ ದರ ಬಂದ ದಿನ ಅವನು ಮಾಲು ತೆಗೆಯುತ್ತಾನೆ, ಅವನಂಥ ನೂರಾರು ಜನರೂ ತೆಗೆಯುತ್ತಾರೆ, ಆವಕ ಒಮ್ಮೆಲೇ ಹೆಚ್ಚಿ ದರ ಅಲ್ಲೇ ತಡೆಯುತ್ತದೆ. ಇತ್ತ 140ರಲ್ಲಿ ಕೊಳ್ಳಬೇಕೆಂದು ಯೋಚಿಸುತ್ತಲೇ ಇದ್ದು ಅವಕಾಶ ತಪ್ಪಿಸಿಕೊಂಡ ವ್ಯಾಪಾರಿ, ದರ ಇನ್ನೊಮ್ಮೆ 140ಕ್ಕೆ ಬಂದರೆ ಬಿಡುವುದಿಲ್ಲವೆಂದು ನಿಶ್ಚಯಿಸಿರುತ್ತಾನೆ. ಮೊದಲನೆಯದು ರೆಸಿಸ್ಟೆನ್ಸ್, ಎರಡನೆಯದು ಸಪೋರ್ಟ್. ಎರಡೂ ಹುಟ್ಟುವುದು ಜನರ ನೆನಪಿನಿಂದ, ಅದರಲ್ಲೂ ಪಶ್ಚಾತ್ತಾಪದ ನೆನಪಿನಿಂದ.

ನೆನಪಿನ ಜೊತೆಗೆ ಇನ್ನೊಂದು ಕಾರಣವೂ ಇದೆ, ಅದು ಆರ್ಡರ್‌ಗಳು ಗುಂಪುಗೂಡುವ ರೀತಿ. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಅರ್ಥಶಾಸ್ತ್ರಜ್ಞೆ ಕ್ಯಾರಲ್ ಓಸ್ಲರ್, ವಿದೇಶಿ ವಿನಿಮಯ ಪೇಟೆಯಲ್ಲಿ ಗ್ರಾಹಕರು ನೀಡಿದ ಆರ್ಡರ್‌ಗಳನ್ನು ಅಧ್ಯಯನ ಮಾಡಿ ಎರಡು ಸಂಗತಿಗಳನ್ನು ಗುರುತಿಸಿದರು. ಲಾಭ ಕೈಗೆ ತೆಗೆದುಕೊಳ್ಳುವ ಆರ್ಡರ್‌ಗಳು ಸೊನ್ನೆಗಳಲ್ಲಿ ಮುಗಿಯುವ ಪೂರ್ಣ ಸಂಖ್ಯೆಗಳ ಮೇಲೆಯೇ ಕೂಡಿರುತ್ತವೆ. ಸ್ಟಾಪ್‌ಲಾಸ್ ಆರ್ಡರ್‌ಗಳು, ಅಂದರೆ ನಷ್ಟ ಬೆಳೆಯದಂತೆ ಇಂಥ ಬೆಲೆಯಲ್ಲಿ ಹೊರಬರುತ್ತೇನೆಂದು ಮೊದಲೇ ಇಟ್ಟ ಆರ್ಡರ್‌ಗಳು, ಆ ಸಂಖ್ಯೆಯನ್ನು ದಾಟಿದ ಕೂಡಲೇ ಸಿಗುವ ಜಾಗದಲ್ಲಿ ಕೂಡಿರುತ್ತವೆ. ಪೂರ್ಣ ಸಂಖ್ಯೆಯ ಬಳಿ ಬೆಲೆ ತಿರುಗುವುದೂ, ಅದನ್ನು ದಾಟಿದ ಮೇಲೆ ಒಮ್ಮೆಲೇ ವೇಗವಾಗಿ ಓಡುವುದೂ ಇದರಿಂದ ಅರ್ಥವಾಗುತ್ತದೆ. 400 ರೂಪಾಯಿಯ ಸಪೋರ್ಟ್ ನೋಡಿ 399ಕ್ಕೆ ಸ್ಟಾಪ್‌ಲಾಸ್ ಇಡುವವರು ಈ ಅಧ್ಯಯನವನ್ನು ಒಮ್ಮೆ ನೆನೆಯಬೇಕು: ಅಲ್ಲಿ ನೀವೊಬ್ಬರೇ ಇರುವುದಿಲ್ಲ, ಇಡೀ ಪೇಟೆಯೇ ಇರುತ್ತದೆ.

ಈಗ ನಮ್ಮದೇ ಸೂಚ್ಯಂಕದ ಒಂದು ದೀರ್ಘ ಕಥೆಗೆ ಬರೋಣ. 2008ರ ಜನವರಿಯಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಸೂಚ್ಯಂಕವಾದ ನಿಫ್ಟಿ 6,357ರವರೆಗೆ ಏರಿ, ಆ ವರ್ಷದ ಜಾಗತಿಕ ಬಿಕ್ಕಟ್ಟಿನಲ್ಲಿ ಅರ್ಧಕ್ಕಿಂತ ಕೆಳಗೆ ಕುಸಿಯಿತು. 2010ರ ನವೆಂಬರ್‌ನಲ್ಲಿ ಮತ್ತೆ ಏರಿ 6,338ರಲ್ಲಿ ನಿಂತಿತು, ಅಂದರೆ ಹಳೆಯ ಶಿಖರಕ್ಕಿಂತ 19 ಅಂಶಗಳಷ್ಟೇ ಕೆಳಗೆ. 2013ರ ನವೆಂಬರ್‌ನಲ್ಲಿ ಮೂರನೆಯ ಬಾರಿ ಅದೇ ಎತ್ತರಕ್ಕೆ, 6,342ಕ್ಕೆ, ಬಂದಿತು. ಡಿಸೆಂಬರ್ 8ರಂದು ನಾಲ್ಕು ರಾಜ್ಯಗಳ ಚುನಾವಣಾ ಫಲಿತಾಂಶ ಹೊರಬಿದ್ದ ಮರುದಿನ ಬೆಳಿಗ್ಗೆ 6,400 ದಾಟಿಯೇ ತೆರೆಯಿತು. ಬ್ರೇಕ್‌ಔಟ್ ಆಯಿತೆಂದು, ಅಂದರೆ ತಡೆ ಮುರಿದು ಬೆಲೆ ಮೇಲೆ ದಾಟಿತೆಂದು, ಅಂದು ಕೊಂಡವರು ಬಹಳ ಮಂದಿ. ಎರಡು ತಿಂಗಳೊಳಗೆ ಸೂಚ್ಯಂಕ 6,000ಕ್ಕಿಂತ ಕೆಳಗಿತ್ತು. ನಿಜವಾದ ದಾಟುವಿಕೆ ನಡೆದದ್ದು 2014ರ ಮಾರ್ಚ್‌ನಲ್ಲಿ. ಅಲ್ಲಿಂದ ಮುಂದೆ ನಿಫ್ಟಿ ಆ ಮಟ್ಟಕ್ಕೆ ಮರಳಿ ಬಂದಿಲ್ಲ: 2016ರ ಫೆಬ್ರುವರಿ ಕೊನೆಯ ಕುಸಿತ 6,825ರ ಆಸುಪಾಸಿನಲ್ಲಿ ನಿಂತಿತು, ಕೋವಿಡ್ ಭೀತಿಯ 2020ರ ಮಾರ್ಚ್ 24ರಂದು ಕಂಡ ತಳವೂ 7,511.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಆರು ವರ್ಷ ತಡೆದ ಮಟ್ಟವೆಂದರೆ ಬಲವಾದ ಮಟ್ಟವೇ ಸರಿ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಅದು 6,338, 6,342, 6,357 ಎಂದು ಬೇರೆ ಬೇರೆ ಅಂಕಿಗಳಲ್ಲಿ ತಡೆಯಿತು, ಒಮ್ಮೆ 6,400ರ ಮೇಲೂ ಹೋಗಿ ಮೋಸ ಮಾಡಿತು. ಆದ್ದರಿಂದ ಚಾರ್ಟಿನ ಮೇಲೆ ಸೂಜಿಯಷ್ಟು ತೆಳುವಾದ ಗೆರೆ ಎಳೆದು ಅದರ ಮೇಲೆ ಹಣ ಹೂಡುವುದು ತಪ್ಪು ಅಭ್ಯಾಸ. ಸಪೋರ್ಟ್ ಆಗಲಿ ರೆಸಿಸ್ಟೆನ್ಸ್ ಆಗಲಿ, ಅದು ಎರಡು ಬೆಲೆಗಳ ನಡುವಿನ ಒಂದು ಪಟ್ಟಿ. ಆ ಪಟ್ಟಿ ಎಷ್ಟು ಅಗಲವಿರಬೇಕೆಂಬುದನ್ನು ಷೇರಿನ ದಿನನಿತ್ಯದ ಏರಿಳಿತವೇ ತೀರ್ಮಾನಿಸುತ್ತದೆ. ದಿನಕ್ಕೆ ಸರಾಸರಿ 8 ರೂಪಾಯಿ ಅತ್ತಿತ್ತ ಆಡುವ ಷೇರಿಗೆ 2 ರೂಪಾಯಿ ಅಗಲದ ಪಟ್ಟಿ ಎಳೆದರೆ ಅದು ನಮ್ಮ ಆಸೆಯನ್ನು ತೋರಿಸುತ್ತದೆಯೇ ಹೊರತು ಪೇಟೆಯನ್ನಲ್ಲ.

ಮುರಿದ ಸಪೋರ್ಟ್ ಮುಂದೆ ರೆಸಿಸ್ಟೆನ್ಸ್ ಆಗುತ್ತದೆ ಎಂಬುದು ಎಲ್ಲ ತರಗತಿಗಳಲ್ಲೂ ಕಲಿಸುವ ಪಾಠ. ಅದರಲ್ಲಿ ಸತ್ಯವಿದೆ, ಆದರೆ ನಿಯಮದಷ್ಟು ಗಟ್ಟಿಯಾದ ಸತ್ಯವಲ್ಲ. 2024ರ ಸೆಪ್ಟೆಂಬರ್ 27ರಂದು 26,277ರ ಶಿಖರ ಮುಟ್ಟಿದ ನಿಫ್ಟಿ, ನವೆಂಬರ್‌ನಲ್ಲಿ 23,300ರ ಹತ್ತಿರ ಬಂದು ತಿರುಗಿತು. 2025ರ ಜನವರಿ ಮಧ್ಯದಲ್ಲಿ ಆ ಮಟ್ಟ ಮುರಿಯಿತು. ಪಾಠದ ಪ್ರಕಾರ ಮುಂದಿನ ಏರಿಕೆ ಅಲ್ಲೇ ತಡೆಯಬೇಕಿತ್ತು. ಫೆಬ್ರುವರಿ ಮೊದಲ ವಾರದಲ್ಲಿ ಸೂಚ್ಯಂಕ ಅದನ್ನು ದಾಟಿ 23,700ಕ್ಕೂ ಮೇಲೆ ಹೋಯಿತು. ಪಾಠ ಸುಳ್ಳೆಂದು ನಿರ್ಧರಿಸಿ ಅಲ್ಲಿ ಕೊಂಡವರು, ಅದೇ ತಿಂಗಳ ಕೊನೆಗೆ ನಿಫ್ಟಿ 22,200ರ ಕೆಳಗೆ ಬಂದದ್ದನ್ನು ನೋಡಿದರು. ಹಾಗೆಯೇ ಏಪ್ರಿಲ್ 7ರಂದು ಅಮೆರಿಕದ ಸುಂಕದ ಸುದ್ದಿಯಿಂದ ಪೇಟೆ ಬಿದ್ದಾಗ ಕಂಡ ತಳ 21,743. ಹಿಂದಿನ ವರ್ಷ ಲೋಕಸಭಾ ಚುನಾವಣೆಯ ಫಲಿತಾಂಶದ ದಿನ, 2024ರ ಜೂನ್ 4ರಂದು, ಕಂಡಿದ್ದ 21,281ರ ತಳ ಮುರಿಯಲಿಲ್ಲ, ಆದರೆ ಅದನ್ನು ಮುಟ್ಟಲೂ ಇಲ್ಲ. 21,300ಕ್ಕೇ ಕೊಳ್ಳುತ್ತೇನೆಂದು ಕಾದು ಕುಳಿತವರಿಗೆ ಏನೂ ಸಿಗಲಿಲ್ಲ. ಮೇ ಮಧ್ಯದ ಹೊತ್ತಿಗೆ ಸೂಚ್ಯಂಕ 24,900ರ ಹತ್ತಿರವಿತ್ತು.

ಬೆಲೆಯ ಏರಿಳಿತ ಚಾರ್ಟಿನ ಮೇಲೆ ಮೂಡಿಸುವ ಆಕೃತಿಗಳ ವಿಷಯಕ್ಕೆ ನಾನು ಕಡಿಮೆ ಸಮಯ ಕೊಡುತ್ತೇನೆ. ಹೆಡ್ ಆಂಡ್ ಶೋಲ್ಡರ್ಸ್, ಡಬಲ್ ಬಾಟಮ್, ತ್ರಿಕೋನ, ಫ್ಲಾಗ್, ಕಪ್ ಆಂಡ್ ಹ್ಯಾಂಡಲ್ ಮುಂತಾದವುಗಳ ಚಿತ್ರಗಳು ಎಲ್ಲೆಡೆ ಸಿಗುತ್ತವೆ, ಮತ್ತು ಮುಗಿದುಹೋದ ಚಾರ್ಟಿನ ಮೇಲೆ ಅವನ್ನು ಗುರುತಿಸುವುದು ಮಕ್ಕಳಿಗೂ ಸಾಧ್ಯ. ಚಾರ್ಟಿನ ಬಲ ಅಂಚಿನಲ್ಲಿ, ನಾಳೆ ಏನೆಂದು ತಿಳಿಯದಿರುವಾಗ ಗುರುತಿಸುವುದು ಕಷ್ಟ. ಅಲ್ಲಿ ಒಬ್ಬರಿಗೆ ಡಬಲ್ ಬಾಟಮ್ ಕಂಡರೆ ಪಕ್ಕದವರಿಗೆ ಇಳಿಕೆಯ ನಡುವಿನ ಅಲ್ಪ ವಿಶ್ರಾಂತಿ ಕಾಣುತ್ತದೆ. ಈ ವ್ಯಕ್ತಿಗತ ಭೇದವನ್ನು ನಿವಾರಿಸಲೆಂದೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆಂಡ್ರ್ಯೂ ಲೋ ಮತ್ತು ಅವರ ಸಹ ಸಂಶೋಧಕರು, 1962ರಿಂದ 1996ರವರೆಗಿನ ಅಮೆರಿಕದ ಷೇರು ಬೆಲೆಗಳಲ್ಲಿ ಕಂಪ್ಯೂಟರ್ ಮೂಲಕ ಆಕೃತಿಗಳನ್ನು ಹುಡುಕಿಸಿದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೆಲವು ಆಕೃತಿಗಳು ಸ್ವಲ್ಪ ಮಟ್ಟಿನ ಹೆಚ್ಚುವರಿ ಮಾಹಿತಿಯನ್ನು ನೀಡುತ್ತವೆಂದು ಕಂಡುಬಂತು. ಮಾಹಿತಿ ಇದೆ ಎಂಬುದಕ್ಕೂ ಖರ್ಚು ಕಳೆದು ಲಾಭ ಉಳಿಯುತ್ತದೆ ಎಂಬುದಕ್ಕೂ ಅಂತರವಿದೆ. ಎರಡನೆಯದನ್ನು ಅವರು ಹೇಳಲಿಲ್ಲ. ಪ್ರತಿದಿನದ ಬೆಲೆಯ ಏರಿಳಿತವನ್ನು ಮೇಣದಬತ್ತಿಯಂಥ ಗುರುತಿನಲ್ಲಿ ತೋರಿಸುವ ಕ್ಯಾಂಡಲ್ ಚಾರ್ಟುಗಳಿಗೂ ಇದೇ ಮಾತು. ಅವುಗಳ ಮೂಲ ಹದಿನೆಂಟನೆಯ ಶತಮಾನದ ಜಪಾನಿನ ಅಕ್ಕಿ ವ್ಯಾಪಾರದಲ್ಲಿದೆ ಎಂಬ ಕಥೆ ಜನಪ್ರಿಯ, ಆದರೆ ಹಳೆಯದೆಂಬ ಕಾರಣಕ್ಕೆ ಅದು ಹೆಚ್ಚು ಲಾಭ ತರುವುದಿಲ್ಲ.

ಆಕೃತಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ವಾಲ್ಯೂಮಿಗೆ. ಸಪೋರ್ಟ್ ಬಳಿ ಬೆಲೆ ನಿಂತ ದಿನ ಎಷ್ಟು ಷೇರುಗಳ ವಹಿವಾಟಾಯಿತು, ಅದರಲ್ಲಿ ಎಷ್ಟು ಪಾಲು ಡೆಲಿವರಿಗೆ ಹೋಯಿತು ಎಂಬುದನ್ನು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಪ್ರತಿದಿನ ಸಂಜೆ ಉಚಿತವಾಗಿ ಪ್ರಕಟಿಸುತ್ತದೆ. ಇಂಟ್ರಾಡೇ ಆಟಗಾರರು ಬೆಳಿಗ್ಗೆ ಕೊಂಡು ಮಧ್ಯಾಹ್ನ 3.30ರೊಳಗೆ ಮಾರಿದ್ದು ಡೆಲಿವರಿಯ ಲೆಕ್ಕದಲ್ಲಿ ಬರುವುದಿಲ್ಲ. ಹಣ ಕೊಟ್ಟು ಮನೆಗೆ ಒಯ್ದವರದು ಮಾತ್ರ ಬರುತ್ತದೆ. ವಾಲ್ಯೂಮೂ ಡೆಲಿವರಿ ಪಾಲೂ ಸರಾಸರಿಗಿಂತ ಹೆಚ್ಚಿರುವ ಸಪೋರ್ಟಿನಲ್ಲಿ ನಿಜವಾದ ಖರೀದಿದಾರರಿರುವ ಸಾಧ್ಯತೆ ಹೆಚ್ಚು. ದಿನಕ್ಕೆ ಕೆಲವೇ ಸಾವಿರ ಷೇರುಗಳ ವಹಿವಾಟಿರುವ ಸಣ್ಣ ಕಂಪನಿಗಳಲ್ಲಿ ಮಾತ್ರ ಇದನ್ನೂ ನಂಬಬೇಡಿ. ಅಲ್ಲಿ ನಾಲ್ಕಾರು ಜನ ಸೇರಿ ತಮಗೆ ಬೇಕಾದ ಆಕೃತಿಯನ್ನು ಚಾರ್ಟಿನ ಮೇಲೆ ಬಿಡಿಸಬಲ್ಲರು, ಆಮೇಲೆ ಟೆಲಿಗ್ರಾಂ ಗುಂಪಿನಲ್ಲಿ ಅದೇ ಆಕೃತಿಯನ್ನು ನಿಮಗೆ ತೋರಿಸಬಲ್ಲರು.

ಇನ್ನೊಂದು ತಾಂತ್ರಿಕ ಎಚ್ಚರಿಕೆ: ಬೋನಸ್ (ಇರುವ ಷೇರುದಾರರಿಗೆ ಉಚಿತವಾಗಿ ಕೊಡುವ ಹೆಚ್ಚುವರಿ ಷೇರು) ಮತ್ತು ಸ್ಪ್ಲಿಟ್‌ಗೆ (ಒಂದು ಷೇರನ್ನು ಹಲವಾಗಿ ಒಡೆಯುವುದು) ಹೊಂದಿಸದ ಚಾರ್ಟಿನಲ್ಲಿ ಗೆರೆ ಎಳೆಯಬಾರದು. 2024ರ ಅಕ್ಟೋಬರ್ ಕೊನೆಯಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ಒಂದಕ್ಕೊಂದು ಬೋನಸ್ ನೀಡಿದಾಗ 2,600ರ ಮೇಲಿದ್ದ ಬೆಲೆ ಒಂದೇ ದಿನದಲ್ಲಿ ಅರ್ಧವಾಯಿತು, ಯಾರಿಗೂ ನಷ್ಟವಾಗಲಿಲ್ಲ. ಹೊಂದಿಸದ ಚಾರ್ಟಿನಲ್ಲಿ ಅದು ಮಹಾಪತನದಂತೆ ಕಾಣುತ್ತದೆ, ಹಳೆಯ ಸಪೋರ್ಟುಗಳೆಲ್ಲ ಅರ್ಥಹೀನವಾಗುತ್ತವೆ.

ಈಗ ಮುಖ್ಯ ಲೆಕ್ಕ. ಕಾಲ್ಪನಿಕ ಷೇರೊಂದನ್ನು ತೆಗೆದುಕೊಳ್ಳೋಣ. ಅದರ ಬೆಲೆ 412 ರೂಪಾಯಿ. ಕಳೆದ ಆರು ತಿಂಗಳಲ್ಲಿ ಮೂರು ಬಾರಿ 396ರಿಂದ 400ರ ಪಟ್ಟಿಯಲ್ಲಿ ತಿರುಗಿದೆ. ಮೇಲೆ 455ರ ಬಳಿ ಹಿಂದೆ ತಡೆದಿದೆ. ನಿಮ್ಮ ಬಳಿ ವಹಿವಾಟಿಗೆಂದು ತೆಗೆದಿಟ್ಟ 3 ಲಕ್ಷ ರೂಪಾಯಿ ಇದೆ. ಹೆಚ್ಚಿನವರು ಇಲ್ಲಿ ಮಾಡುವ ಲೆಕ್ಕ ಏನೆಂದರೆ, 3 ಲಕ್ಷವನ್ನು 412ರಿಂದ ಭಾಗಿಸಿ 728 ಷೇರು ಕೊಳ್ಳುವುದು. ನಾನು ಹೇಳುವ ಲೆಕ್ಕ ತಿರುವುಮುರುವಾದದ್ದು. ಪಟ್ಟಿಯ ಕೆಳ ಅಂಚು 396. ಅದಕ್ಕಿಂತ ಸ್ವಲ್ಪ ಕೆಳಗೆ, ಎಲ್ಲರ ಸ್ಟಾಪ್‌ಲಾಸ್ ಗುಂಪಾಗಿರುವ ಜಾಗವನ್ನೂ ದಾಟಿ, 391ಕ್ಕೆ ಬೆಲೆ ಬಂದರೆ ಈ ಸಪೋರ್ಟ್ ಕುರಿತ ನನ್ನ ಊಹೆ ತಪ್ಪೆಂದು ಒಪ್ಪುತ್ತೇನೆ. ಹಾಗಾದರೆ ಪ್ರತಿ ಷೇರಿಗೆ ನನ್ನ ನಷ್ಟ 21 ರೂಪಾಯಿ. ಒಂದು ವಹಿವಾಟಿನಲ್ಲಿ ಬಂಡವಾಳದ ಶೇಕಡಾ 1, ಅಂದರೆ 3,000 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದೆಂದು ನಿರ್ಧರಿಸಿದರೆ, 3,000ವನ್ನು 21ರಿಂದ ಭಾಗಿಸಿ ಬರುವ 142 ಷೇರುಗಳನ್ನಷ್ಟೇ ಕೊಳ್ಳಬಹುದು. ಅದಕ್ಕೆ ತಗಲುವ ಹಣ 58,504 ರೂಪಾಯಿ. ಉಳಿದದ್ದು ಖಾತೆಯಲ್ಲೇ ಇರಲಿ.

ಬೆಲೆ 455ಕ್ಕೆ ಹೋದರೆ ಪ್ರತಿ ಷೇರಿಗೆ 43 ರೂಪಾಯಿ ಲಾಭ, ಅಂದರೆ ಅಪಾಯದ ಎರಡು ಪಟ್ಟಿಗಿಂತ ತುಸು ಹೆಚ್ಚು. ಇಂಥ ಹತ್ತು ವಹಿವಾಟುಗಳಲ್ಲಿ ಆರು ಸೋತು ನಾಲ್ಕು ಗೆದ್ದರೂ, ಗಳಿಕೆ 172 ರೂಪಾಯಿ, ನಷ್ಟ 126 ರೂಪಾಯಿ, ಉಳಿಕೆ ಪ್ರತಿ ಷೇರಿಗೆ 46 ರೂಪಾಯಿ. ಡೆಲಿವರಿ ವಹಿವಾಟಿನಲ್ಲಿ ಕೊಳ್ಳುವಾಗಲೂ ಮಾರುವಾಗಲೂ ಶೇಕಡಾ 0.1ರಷ್ಟು ಷೇರು ವಹಿವಾಟು ತೆರಿಗೆ ಇದೆ. ಮುದ್ರಾಂಕ ಶುಲ್ಕ, ಷೇರುಗಳನ್ನು ಖಾತೆಯಲ್ಲಿ ಇಡುವ ಡಿಪಾಸಿಟರಿಯ ಶುಲ್ಕ ಮುಂತಾದವು ಸೇರಿ ಕೊಂಡು ಮಾರುವ ಪ್ರತಿ ಸುತ್ತಿಗೆ ಷೇರಿಗೆ ಸುಮಾರು ಒಂದು ರೂಪಾಯಿ ಹಿಡಿಯಿರಿ, ಹತ್ತು ಸುತ್ತಿಗೆ ಹತ್ತು ರೂಪಾಯಿ. ಉಳಿಯುವುದು 36. ಅದರಿಂದ, 2024ರ ಜುಲೈ 23ರಿಂದ ಜಾರಿಯಲ್ಲಿರುವ ದರದಂತೆ, ಶೇಕಡಾ 20ರ ಅಲ್ಪಾವಧಿ ಲಾಭದ ತೆರಿಗೆಯನ್ನೂ ಕೊಡಬೇಕು. ನಾಲ್ಕು ಗೆಲ್ಲುವ ಬದಲು ಮೂರೇ ಗೆದ್ದರೆ ಖರ್ಚಿಗೆ ಮೊದಲೇ 18 ರೂಪಾಯಿ ನಷ್ಟ. ಲಾಭ ಎಷ್ಟು ತೆಳುವಾದ ಅಂಚಿನ ಮೇಲೆ ನಿಂತಿದೆ ನೋಡಿ. 412ರ ಬದಲು 425ಕ್ಕೆ ಅವಸರದಿಂದ ಕೊಂಡರೆ ಅಪಾಯ 34 ಆಗುತ್ತದೆ, ಲಾಭದ ಅವಕಾಶ 30ಕ್ಕೆ ಇಳಿಯುತ್ತದೆ. ಷೇರು ಅದೇ, ಸಪೋರ್ಟ್ ಅದೇ, ಆದರೆ ವಹಿವಾಟು ಮಾಡಬಾರದ ವಹಿವಾಟಾಗುತ್ತದೆ.

ಈ ಲೆಕ್ಕದಲ್ಲಿ ಒಂದು ದೊಡ್ಡ ರಂಧ್ರವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 391ಕ್ಕೆ ಮಾರುತ್ತೇನೆಂದರೆ 391ಕ್ಕೆ ಕೊಳ್ಳುವವರಿರಬೇಕು. ಯೆಸ್ ಬ್ಯಾಂಕ್ ಷೇರು 2018ರ ಆಗಸ್ಟ್‌ನಲ್ಲಿ 400 ರೂಪಾಯಿ ಆಸುಪಾಸಿನಲ್ಲಿತ್ತು. ಮುಖ್ಯಸ್ಥರ ಅವಧಿಯನ್ನು ರಿಸರ್ವ್ ಬ್ಯಾಂಕ್ ಮೊಟಕುಗೊಳಿಸಿದ ಮೇಲೆ ಶುರುವಾದ ಇಳಿಕೆಯಲ್ಲಿ ಪ್ರತಿ ಕೆಲವು ತಿಂಗಳಿಗೊಂದು ಸಪೋರ್ಟ್ ಕಾಣಿಸಿಕೊಂಡಿತು, ಪ್ರತಿಯೊಂದರಲ್ಲೂ ಆವರೇಜ್ ಮಾಡುವವರು, ಅಂದರೆ ಸರಾಸರಿ ಖರೀದಿ ಬೆಲೆ ತಗ್ಗಿಸಲೆಂದು ಇಳಿದ ಬೆಲೆಯಲ್ಲಿ ಮತ್ತಷ್ಟು ಕೊಳ್ಳುವವರು, ಸಿಕ್ಕರು, ಪ್ರತಿಯೊಂದೂ ಮುರಿಯಿತು. 2020ರ ಮಾರ್ಚ್ 5ರ ಸಂಜೆ ಬ್ಯಾಂಕಿನ ಮೇಲೆ ನಿರ್ಬಂಧ ಬಂತು. 36 ರೂಪಾಯಿ ಆಸುಪಾಸಿನಲ್ಲಿದ್ದ ಷೇರು ಮರುದಿನ ವಹಿವಾಟಿನ ನಡುವೆ 6 ರೂಪಾಯಿಗಿಂತ ಕೆಳಗೂ ಹೋಗಿ, 16ರ ಹತ್ತಿರ ಮುಗಿಯಿತು. ನಡುವಿನ ಬೆಲೆಗಳಲ್ಲಿ ಇಟ್ಟಿದ್ದ ಸ್ಟಾಪ್‌ಲಾಸ್‌ಗಳಿಗೆ ಆ ಬೆಲೆ ಸಿಗಲೇ ಇಲ್ಲ. ಮುಂದಿನ ವಾರ ಬಂದ ಪುನರ್‌ರಚನೆಯ ಯೋಜನೆಯಲ್ಲಿ, 100ಕ್ಕಿಂತ ಹೆಚ್ಚು ಷೇರು ಹೊಂದಿದ್ದವರ ಶೇಕಡಾ 75ರಷ್ಟು ಷೇರುಗಳನ್ನು ಮೂರು ವರ್ಷ ಮಾರದಂತೆ ತಡೆಹಿಡಿಯಲಾಯಿತು. ಮಾರಲು ಅನುಮತಿಯೇ ಇಲ್ಲದಿರುವಾಗ ಸ್ಟಾಪ್‌ಲಾಸ್ ಗೆರೆಗೆ ಏನು ಅರ್ಥ?

ನಮ್ಮ ಭಾಗದವರಿಗೆ ಹೆಚ್ಚು ಹತ್ತಿರದ ಉದಾಹರಣೆ ಸಕ್ಕರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜನ ಕಾರ್ಖಾನೆಗಳನ್ನು ಕಣ್ಣಾರೆ ನೋಡುತ್ತಾರೆ, ಕಬ್ಬು ಎಷ್ಟು ಬಂದಿದೆ, ಬಾಕಿ ಎಷ್ಟಿದೆ ಎಂಬುದು ಗೊತ್ತಿರುತ್ತದೆ. ಆದ್ದರಿಂದ ಸಕ್ಕರೆ ಷೇರುಗಳ ಮೇಲೆ ಒಂದು ಬಗೆಯ ಸ್ವಂತಿಕೆಯ ವಿಶ್ವಾಸ ಬೆಳೆದಿರುತ್ತದೆ. 2023ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ತಯಾರಿಸುವುದನ್ನು ಆ ಹಂಗಾಮಿಗೆ ತಡೆಯಿತು, ಸಕ್ಕರೆ ಕಂಪನಿಗಳ ಷೇರುಗಳು ಅಂದೇ ಕುಸಿದವು. ಒಂದೇ ವಾರದ ನಂತರ ಮಿತಿ ಹಾಕಿ ಭಾಗಶಃ ಅನುಮತಿ ನೀಡಲಾಯಿತು. ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆ ರೈತರಿಗೆ ಕೊಡಬೇಕಾದ ಕನಿಷ್ಠ ದರ), ರಫ್ತಿನ ಕೋಟಾ, ಎಥೆನಾಲ್ ದರ, ಮೂರೂ ದೆಹಲಿಯಲ್ಲಿ ತೀರ್ಮಾನವಾಗುವ ಉದ್ಯಮದಲ್ಲಿ ಚಾರ್ಟಿನ ಗೆರೆಯ ಆಯುಷ್ಯ ಮುಂದಿನ ಆದೇಶದವರೆಗೆ ಮಾತ್ರ. ಇಂಥ ಷೇರುಗಳಲ್ಲಿ ನಾನು ಶೇಕಡಾ 1ರ ಬದಲು ಅರ್ಧವನ್ನಷ್ಟೇ ಅಪಾಯಕ್ಕೆ ಒಡ್ಡಬೇಕೆನ್ನುತ್ತೇನೆ. ಫಲಿತಾಂಶ ಪ್ರಕಟಣೆಯ ಹಿಂದಿನ ದಿನಕ್ಕೂ ಇದೇ ಮಾತು ಅನ್ವಯ.

ಸ್ಟಾಪ್‌ಲಾಸ್ ಆರ್ಡರ್ ಇಡುವ ವಿಧಾನವನ್ನೂ ತಿಳಿದಿರಬೇಕು. ಅದರಲ್ಲಿ ಎರಡು ಬೆಲೆಗಳಿರುತ್ತವೆ: ಆರ್ಡರನ್ನು ಎಚ್ಚರಿಸುವ ಟ್ರಿಗರ್ ಬೆಲೆ, ಮತ್ತು ಅದಕ್ಕಿಂತ ಕಡಿಮೆಗೆ ಮಾರಬೇಡ ಎನ್ನುವ ಲಿಮಿಟ್ ಬೆಲೆ. ಎರಡರ ನಡುವೆ ತೀರಾ ಕಡಿಮೆ ಅಂತರವಿಟ್ಟರೆ ಬೆಲೆ ಎರಡನ್ನೂ ಹಾರಿಕೊಂಡು ಕೆಳಗೆ ಹೋಗಿ, ಆರ್ಡರ್ ಮಾರಾಟವಾಗದೆ ಉಳಿಯುತ್ತದೆ. ಸಾಮಾನ್ಯ ಆರ್ಡರ್ ಆ ದಿನದ ಮಟ್ಟಿಗಷ್ಟೇ ಜೀವಂತ. ಮರುದಿನ ಮತ್ತೆ ಇಡಬೇಕು, ಇಲ್ಲವೇ ಬ್ರೋಕರ್‌ಗಳು ಕೊಡುವ ಜಿಟಿಟಿ ಸೌಲಭ್ಯ (ಟ್ರಿಗರ್ ಬೆಲೆ ಬರುವವರೆಗೆ ಆರ್ಡರನ್ನು ದಿನಗಳಾಚೆಗೂ ಕಾಯ್ದಿಡುವುದು) ಬಳಸಬೇಕು. ಹಳ್ಳಿಯಲ್ಲಿ ನೆಟ್‌ವರ್ಕ್ ನಂಬಿ ಮೊಬೈಲ್ ಹಿಡಿದು ಕೈಯಾರೆ ಮಾರುತ್ತೇನೆನ್ನುವವರಿಗೆ ಈ ಸೌಲಭ್ಯ ಅನಿವಾರ್ಯ.

ಕೊನೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ದಾಖಲಿಸುತ್ತೇನೆ. ಇದೇ ಸಪೋರ್ಟ್ ಮಟ್ಟಗಳನ್ನು ಹಿಡಿದು ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ (ಮುಂದಿನ ದಿನಾಂಕದ ಬೆಲೆಯ ಮೇಲೆ ಮಾಡಿಕೊಳ್ಳುವ ಕಾಂಟ್ರ್ಯಾಕ್ಟ್‌ಗಳಲ್ಲಿ) ಏಕೆ ವ್ಯವಹರಿಸಬಾರದು, ಅಲ್ಲಿ ಹಣ ಕಡಿಮೆ ಸಾಕಲ್ಲ ಎಂದು ಒಬ್ಬ ವಿದ್ಯಾರ್ಥಿ ಕೇಳಿದರು. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಆ ವಿಭಾಗದಲ್ಲಿ ವ್ಯವಹರಿಸಿದ ವ್ಯಕ್ತಿಗತ ವಹಿವಾಟುದಾರರಲ್ಲಿ ಶೇಕಡಾ 93 ಮಂದಿ ನಷ್ಟ ಅನುಭವಿಸಿದರು, ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಇದಕ್ಕೆ ಕಾರಣಗಳು ಹಲವು, ಆದರೆ ನಮ್ಮ ಲೆಕ್ಕಕ್ಕೆ ಸಂಬಂಧಿಸಿದ್ದು ಒಂದಿದೆ. ಷೇರನ್ನು 142 ಎಂದೋ 71 ಎಂದೋ ಬೇಕಾದಷ್ಟು ಕೊಳ್ಳಬಹುದು. ಸೂಚ್ಯಂಕದ ಕಾಂಟ್ರ್ಯಾಕ್ಟನ್ನು ಲಾಟ್ ಲೆಕ್ಕದಲ್ಲೇ, ಅಂದರೆ ಮೊದಲೇ ನಿಗದಿಯಾದ ಗಾತ್ರದ ಕಟ್ಟಿನಲ್ಲೇ, ಕೊಳ್ಳಬೇಕು. 2024ರ ನವೆಂಬರ್ ನಂತರ ಹೊಸದಾಗಿ ಬರುವ ಸೂಚ್ಯಂಕ ಕಾಂಟ್ರ್ಯಾಕ್ಟಿನ ಮೌಲ್ಯ ಕನಿಷ್ಠ 15 ಲಕ್ಷ ರೂಪಾಯಿ ಇರಬೇಕೆಂದು ಸೆಬಿ ನಿಗದಿಪಡಿಸಿದೆ. ಸೂಚ್ಯಂಕ ಶೇಕಡಾ 1ರಷ್ಟು ಕೆಳಗೆ ಬಂದರೆ ಒಂದು ಫ್ಯೂಚರ್ಸ್ ಲಾಟಿನ ಮೇಲೆ 15,000 ರೂಪಾಯಿ ಹೋಗುತ್ತದೆ. ಒಂದು ವಹಿವಾಟಿನಲ್ಲಿ ಅಷ್ಟನ್ನು ಶೇಕಡಾ 1ರ ಮಿತಿಯೊಳಗೆ ಭರಿಸಬೇಕಾದರೆ ಖಾತೆಯಲ್ಲಿ 15 ಲಕ್ಷ ಇರಬೇಕು, ಮತ್ತು ಸಪೋರ್ಟ್ ಪಟ್ಟಿ ಶೇಕಡಾ 2ರಷ್ಟು ದೂರವಿದ್ದರೆ 30 ಲಕ್ಷ ಬೇಕು. ತಮ್ಮ ಬಳಿ ಎಷ್ಟಿದೆ ಎಂದು ಕೇಳಿದೆ, 80,000 ಎಂದರು.